ಕರೇದಿಣ್ಣೆಯ ಬಯಲಿನಲ್ಲಿ ಇನ್ನೂರ ನಲವತ್ತು ಗುಂಡಿಗಳು

ಜೂನ್ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಐದೂವರೆಗೆ ಜಯನಗರ ನಾಲ್ಕನೇ ಬ್ಲಾಕಿನಿಂದ ನಮ್ಮ ವ್ಯಾನ್ ಹೊರಟಿತು. ಹದಿನಾರು ಜನರಿದ್ದೆವು. ಹಿಂದೆ ಬರುತ್ತಿದ್ದ ಸಣ್ಣ ಗೂಡ್ಸ್ ಗಾಡಿಯಲ್ಲಿ ಇನ್ನೂರ ನಲವತ್ತು ಸಸಿಗಳಿದ್ದವು. ಹೆಚ್ಚಿನವು ಹೊಂಗೆ, ಉಳಿದವು ಬೇವು ಮತ್ತು ನೇರಳೆ. ಮಧುಗಿರಿಯಿಂದ ಇಪ್ಪತ್ತೆರಡು ಕಿಲೋಮೀಟರ್ ಆಚೆಗಿನ ಕರೇದಿಣ್ಣೆ ಎಂಬ ಹಳ್ಳಿಯ ಬಯಲಿನಲ್ಲಿ ಇವನ್ನು ನೆಟ್ಟು ಸಂಜೆಗೆ ಹಿಂತಿರುಗುವುದು ಕಾರ್ಯಕ್ರಮ.

ಇವು ನರ್ಸರಿಯಿಂದ ಕೊಂಡ ಸಸಿಗಳಲ್ಲ. ಪಾರ್ಕಿನಲ್ಲಿ ಬೆಳಗಿನ ವಾಕಿಂಗಿಗೆ ಸೇರುವ ನಮ್ಮ ಗುಂಪಿನವರು ಹಿಂದಿನ ಬೇಸಿಗೆಯಲ್ಲಿ ತಮ್ಮ ತಮ್ಮ ರಸ್ತೆಯ ಮರಗಳ ಕೆಳಗೆ ಬೀಜ ಆರಿಸಿ, ತೊಳೆದ ಹಾಲಿನ ಪ್ಯಾಕೆಟ್ಟುಗಳಿಗೆ ಮಣ್ಣು ತುಂಬಿ, ಬಾಲ್ಕನಿ ಮತ್ತು ತಾರಸಿಗಳಲ್ಲಿ ಬೆಳೆಸಿದ್ದರು. ಒಂದೊಂದು ಪ್ಯಾಕೆಟ್ಟಿನ ಮೇಲೂ ಬೆಳೆಸಿದವರ ಹೆಸರು ಮಾರ್ಕರ್ ಪೆನ್ನಿನಲ್ಲಿತ್ತು. ತಿಲಕ್ ನಗರದ ಸರೋಜಮ್ಮ ಬ್ಯಾಂಕಿನಿಂದ ನಿವೃತ್ತರಾದವರು. ಅವರೊಬ್ಬರವೇ ಮೂವತ್ತೆಂಟು ಸಸಿಗಳಿದ್ದವು. ಗುಂಪಿನ ಮುಂದಾಳು ಶ್ರೀಕಂಠಯ್ಯ ನಿವೃತ್ತ ಎಂಜಿನಿಯರ್. ಗುಂಡಿಗಳ ನಡುವಿನ ಅಂತರವನ್ನು ಅವರು ಗ್ರಾಫ್ ಹಾಳೆಯ ಮೇಲೆ ಗುರುತು ಮಾಡಿಕೊಂಡಿದ್ದರು.

ಜಾಗ ತೋರಿಸಿದವರು ನಾಗರಾಜು. ನಾಲ್ಕನೇ ಬ್ಲಾಕಿನಲ್ಲಿ ಹಣ್ಣಿನ ಅಂಗಡಿ ಇಟ್ಟಿರುವ ಅವರು ಕರೇದಿಣ್ಣೆಯವರೇ. ಗಿಡ ನೆಡಲು ಜಾಗವಿಲ್ಲ ಎಂದು ಶ್ರೀಕಂಠಯ್ಯ ಅಂಗಡಿಯಲ್ಲಿ ಹೇಳಿಕೊಂಡಾಗ, 'ನಮ್ಮೂರಲ್ಲಿ ನೂರಾರು ಎಕರೆ ಖಾಲಿ ಬಿದ್ದೈತೆ, ಬನ್ನಿ ಸಾರ್' ಎಂದಿದ್ದರು. ಮೇ ತಿಂಗಳಲ್ಲಿ ಪಂಚಾಯಿತಿಯವರು ಒಪ್ಪಿದರು. ಜೂನ್ ಮೊದಲ ವಾರ ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರದಿಂದ ಗುಂಡಿ ತೋಡಿಸಿದ್ದಾಗಿತ್ತು. ಮುಂದಿನ ವಾರ ಸುತ್ತ ತಂತಿಬೇಲಿ ಬರಬೇಕಿತ್ತು. ಆಗಸ್ಟಿನಲ್ಲಿ ಇನ್ನೂ ಐನೂರು ಸಸಿ ನೆಡುವ ಯೋಚನೆಯಿತ್ತು.

ಭಾನುವಾರವಾದ್ದರಿಂದ ಯಶವಂತಪುರ ದಾಟಲು ಅರ್ಧ ಗಂಟೆ ಸಾಕಾಯಿತು. ನೆಲಮಂಗಲದ ಟೋಲ್ ದಾಟಿದ ಮೇಲೆ ಎಡಕ್ಕೆ ಶಿವಗಂಗೆ ಬೆಟ್ಟ ಮೋಡದೊಳಗೆ ಅರ್ಧ ಕಂಡಿತು. ದಾಬಸ್‌ಪೇಟೆಯಲ್ಲಿ ತಟ್ಟೆ ಇಡ್ಲಿ, ಕಾಫಿ. ಅಲ್ಲಿಂದ ಬಲಕ್ಕೆ ತಿರುಗಿ ಕೊರಟಗೆರೆ ದಾಟಿ ಮಧುಗಿರಿ ತಲುಪಿದಾಗ ಎಂಟೂಕಾಲು. ಜಯನಗರದಿಂದ ಇಲ್ಲಿಗೆ ಸುಮಾರು ನೂರಹತ್ತು ಕಿಲೋಮೀಟರ್. ಸ್ವಂತ ವಾಹನವಿಲ್ಲದವರಿಗೆ ಮೆಜೆಸ್ಟಿಕ್‌ನಿಂದ ಬಸ್ಸಿದೆ. ಮೂರು ಗಂಟೆ ಹಿಡಿಯುತ್ತದೆ. ವ್ಯಾನಿಗೆ ನಮಗೆ ತಲಾ ಏಳುನೂರು ರೂಪಾಯಿ ಬಿತ್ತು.

ಮಧುಗಿರಿ ಪೇಟೆಯ ಬೆನ್ನಿಗೆ ಅದರ ಬೋಳು ಕಲ್ಲಿನ ಬೆಟ್ಟ ನಿಂತಿದೆ. ಇಲ್ಲಿಂದ ಉತ್ತರಕ್ಕೆ ಹೋದಂತೆ ಬಂಡೆಗುಡ್ಡಗಳ ನಡುವಿನ ಜಾಗ ಅಗಲವಾಗುತ್ತದೆ. ಗುಡ್ಡಗಳಲ್ಲಿ ಕರಡಿಗಳಿವೆ, ಬಯಲಲ್ಲಿ ಕೃಷ್ಣಮೃಗಗಳಿವೆ ಎಂದು ನಾಗರಾಜು ದಾರಿಯುದ್ದಕ್ಕೂ ಹೇಳಿದರು. ಊರಿಗೆ ಎರಡು ಕಿಲೋಮೀಟರ್ ಇದೆ ಎನ್ನುವಾಗ ರಸ್ತೆಯ ಬಲಕ್ಕೆ ಮರಗಿಡವಿಲ್ಲದ ಉದ್ದನೆಯ ನೆಲ ತೆರೆದುಕೊಂಡಿತು. ಒಣಗಿದ ಹುಲ್ಲಿನ ಬುಡಗಳು, ನಡುವೆ ಕೆಂಪು ಗರಸು, ಅಲ್ಲಲ್ಲಿ ಹಳದಿ ಹೂವಿನ ತಂಗಡಿ ಪೊದೆ. ದೂರದಲ್ಲಿ ಹನ್ನೊಂದು ಕೃಷ್ಣಮೃಗಗಳು ತಲೆಯೆತ್ತಿ ನಮ್ಮತ್ತ ನೋಡಿದವು. ವ್ಯಾನ್ ನಿಂತಿತು. ಅವು ಓಡಿದವು. ಗಂಡೊಂದು ನೆಲದಿಂದ ಆಳೆತ್ತರ ಹಾರಿ ಹಾರಿ ಹೋಯಿತು.

"ನಾವು ಮರ ಬೆಳೆಸಿದ ಮೇಲೆ ಇವಕ್ಕೂ ನೆರಳು ಸಿಗತ್ತೆ," ಎಂದರು ಸರೋಜಮ್ಮ.

ಆ ಮಾತನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಗುಂಪಿನ ಮಾಸಪತ್ರಿಕೆಗೆ ವರದಿ ಮಾಡುವ ಕೆಲಸ ನನ್ನದಾಗಿತ್ತು. ಬಂಜರು ನೆಲ ಹಸಿರಾಗುತ್ತಿದೆ ಎಂಬರ್ಥದ ತಲೆಬರಹವನ್ನೂ ದಾಬಸ್‌ಪೇಟೆಯಲ್ಲೇ ಬರೆದಿಟ್ಟುಕೊಂಡಿದ್ದೆ.

ಗುಂಡಿಗಳು ಸಾಲಾಗಿದ್ದವು. ಪ್ರತಿ ಗುಂಡಿಯ ಪಕ್ಕ ಕೆಂಪು ಮಣ್ಣಿನ ಗುಪ್ಪೆ. ಕೊನೆಯ ಸಾಲಿನಾಚೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಉದ್ದನೆಯ ಕೋಲು ಹಿಡಿದ ಒಬ್ಬರು ಕುಕ್ಕರಗಾಲಲ್ಲಿ ಕೂತಿದ್ದರು. ಅರವತ್ತರ ಮೇಲಿನ ವಯಸ್ಸು. ನಾವು ಇಳಿದದ್ದು ಕಂಡರೂ ಏಳಲಿಲ್ಲ.

"ನಮ್ಮ ಮಾವ, ರಂಗಪ್ಪ," ಎಂದರು ನಾಗರಾಜು, ತುಸು ಗಲಿಬಿಲಿಯಿಂದ. "ಯಾವಾಗ ಬಂದೆ ಮಾವ?"

"ಮೊನ್ನೆ ಬಂದೆ. ಬಂದು ನೋಡ್ತೀನಿ, ನೆಲ ಎಲ್ಲಾ ಜರಡಿ ಮಾಡಿ ಇಕ್ಕಿದ್ದೀಯ."

ಏನಾಗಿತ್ತು ಎಂಬುದು ಅವರಿಬ್ಬರ ಮಾತಿನಿಂದ ಸ್ಪಷ್ಟವಾಯಿತು. ಕರೇದಿಣ್ಣೆಯ ಕುರಿಗಾರರು ಬೇಸಿಗೆಯಲ್ಲಿ ಊರಲ್ಲಿರುವುದಿಲ್ಲ. ಮಾರ್ಚಿ ಹೊತ್ತಿಗೆ ಹಿಂಡು ಹೊಡೆದುಕೊಂಡು ನೀರಾವರಿ ಸೀಮೆಯ ಕಡೆ ಹೋಗುತ್ತಾರೆ. ಅಲ್ಲಿ ರೈತರ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ಗೊಬ್ಬರ ಬೀಳಿಸುತ್ತಾರೆ. ಇದನ್ನು ಮಂದೆ ಹಾಕುವುದು ಎನ್ನುತ್ತಾರೆ. ಮುಂಗಾರಿನ ಮೊದಲ ಮಳೆ ಬಿದ್ದ ಸುದ್ದಿ ಸಿಕ್ಕ ಮೇಲೆ ಈ ಬಯಲಿಗೆ ವಾಪಸು ಬರುತ್ತಾರೆ. ಬಯಲಿನ ಹುಲ್ಲು ಡಿಸೆಂಬರಿನವರೆಗೆ ಅವರ ಕುರಿಗಳಿಗೆ ಮೇವು. ಇದನ್ನು ಯಾವುದಕ್ಕೂ ಬಾರದ ಜಾಗ ಎಂದು ತೀರ್ಮಾನಿಸಿದ ಪಂಚಾಯಿತಿ ಸಭೆ ನಡೆದದ್ದು ಮೇ ತಿಂಗಳಲ್ಲಿ. ಅದನ್ನು ಬಳಸುವವರು ಒಬ್ಬರೂ ಆಗ ಊರಲ್ಲಿರಲಿಲ್ಲ.

"ಒಂದು ಫೋನ್ ಮಾಡಕ್ಕಾಗ್ಲಿಲ್ವೇನ್ಲಾ ನಾಗ? ಹಣ್ಣು ಮಾರಿ ಮಾರಿ ಮರ ಒಂದೇ ಕಾಣ್ತದಾ ನಿನ್ ಕಣ್ಣಿಗೆ? ನೀನೂ ಇದೇ ಬಯಲಲ್ಲಿ ಎಂಟು ವರ್ಷ ಕುರಿ ಕಾಯ್ದೋನಲ್ವಾ?"

ಶ್ರೀಕಂಠಯ್ಯ ಮುಂದೆ ಬಂದು ಕೈಮುಗಿದರು.

"ರಂಗಪ್ಪನವರೇ, ಮೂರು ವರ್ಷ ಬೇಲಿ ಇರತ್ತೆ ಅಷ್ಟೇ. ಗಿಡ ದೊಡ್ಡದಾದ್ಮೇಲೆ ತೆಗೀತೀವಿ. ನಿಮ್ಮ ಕುರಿಗೆ ನೆರಳಾಗತ್ತೆ."

"ಮೂರು ವರ್ಷ ನನ್ ಕುರಿ ಏನ್ ತಿನ್ನಬೇಕು ಸ್ವಾಮಿ? ಅರವತ್ತೈದು ಅವೆ. ನನ್ನಂಗೆ ಇನ್ನೂ ಒಂಬತ್ತು ಮನೆ. ಬೇಲಿ ಬಿದ್ರೆ ಮಾರೋದೇಯ."

"ಇಲ್ಲಿ ಹುಲ್ಲೇ ಇಲ್ವಲ್ರೀ."

"ಈಗ ಇಲ್ಲ. ಎರಡು ಮಳೆ ಬೀಳ್ಲಿ, ಆಮೇಲೆ ಬಂದು ನೋಡಿ."

ರಸ್ತೆಯ ಎಡಕ್ಕೆ, ಬಯಲಿಗೆ ತಾಗಿದಂತೆ, ಹಿಂದೆ ಯಾವಾಗಲೋ ನೆಟ್ಟ ನೀಲಗಿರಿ ತೋಪೊಂದಿತ್ತು. ರಂಗಪ್ಪ ನಮ್ಮನ್ನು ಮೊದಲು ಅಲ್ಲಿಗೆ ಕರೆದೊಯ್ದರು. ಕೆಳಗೆ ಒಣ ತರಗು ಬಿಟ್ಟರೆ ಹುಲ್ಲಿನ ಎಸಳಿರಲಿಲ್ಲ. ಮೇಲೆ ಐದಾರು ಕಾಗೆಗಳು ಕೂತಿದ್ದವು. ಕಾಲು ಗಂಟೆ ನಿಂತರೂ ಬೇರೆ ಹಕ್ಕಿ ಕಾಣಲಿಲ್ಲ. ಅಲ್ಲಿಂದ ಬಯಲಿಗೆ ಬಂದು ನೂರು ಹೆಜ್ಜೆ ನಡೆಯುವುದರೊಳಗೆ ಕಾಲಬಳಿಯಿಂದ ಎರಡು ನೆಲಗುಬ್ಬಿಗಳು ಎದ್ದವು. ಪೊದೆಯೊಂದರಿಂದ ಗೌಜಲಹಕ್ಕಿಯ ಜೋಡಿ ಓಡಿತು. ತಂಗಡಿಯ ಬುಡದಲ್ಲಿ ನರಿ ತೋಡಿದ ಬಿಲ, ಅದರ ಬಾಯಲ್ಲಿ ಹೊಸ ಹೆಜ್ಜೆಗಳು. ಹೋದ ವರ್ಷ ಇಲ್ಲಿಯೇ ತೋಳವೊಂದು ತಮ್ಮ ಕುರಿಮರಿಯನ್ನು ಹೊತ್ತೊಯ್ದದ್ದನ್ನು ರಂಗಪ್ಪ ಹೇಳಿದರು. ಬೈಯುತ್ತಲೇ ಹೇಳಿದರು, ಆದರೆ ತೋಳ ಹೋದ ದಾರಿಯನ್ನು ಬಹಳ ವಿವರವಾಗಿ ತೋರಿಸಿದರು.

"ನೀಲಗಿರಿ ಬೇರೆ, ಹೊಂಗೆ ಬೇರೆ," ಎಂದರು ಶ್ರೀಕಂಠಯ್ಯ. "ಹೊಂಗೆ ನಮ್ಮ ನಾಡಿನ ಮರ. ನೆಲ ಕೆಡಿಸೋದಿಲ್ಲ."

"ಕಾಗೆಗೆ ಹೊಂಗೆ ಆದ್ರೇನು ನೀಲಗಿರಿ ಆದ್ರೇನು ಸ್ವಾಮಿ, ಕೂರಕ್ಕೊಂದು ಕೊಂಬೆ ಸಿಕ್ರೆ ಸಾಕು. ಬನ್ನಿ, ನಾನ್ ಯಾಕೆ ಬೆಳಗ್ಗಿಂದ ಇಲ್ಲಿ ಕೂತಿದ್ದೆ ಅಂತ ತೋರಿಸ್ತೀನಿ."

ಕೊನೆಯ ಸಾಲಿನ ಗುಂಡಿಯಿಂದ ಆರು ಹೆಜ್ಜೆ ದೂರದಲ್ಲಿ ಒಂದು ಮುಳ್ಳುಕಡ್ಡಿ ನೆಟ್ಟಿತ್ತು. ಅದರ ಪಕ್ಕ ಅವರು ಕೋಲು ಚಾಚಿದರು. ನಾವು ನೋಡಿದೆವು. ಗರಸು ಕಂಡಿತು, ಕುರಿಯ ಹಿಕ್ಕೆ ಕಂಡಿತು. ಮೊದಲು ಕಂಡವರು ಸರೋಜಮ್ಮ. ನಾಲ್ಕು ಮೊಟ್ಟೆಗಳು, ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಚುಕ್ಕೆ. ಗೂಡು ಎನ್ನುವಂಥದ್ದೇನೂ ಇಲ್ಲ. ಸುತ್ತ ಸಣ್ಣ ಕಲ್ಲುಗಳ ಬಳೆಯಷ್ಟೇ. ಗುಂಡಿ ತೋಡಿದ ಟ್ರ್ಯಾಕ್ಟರಿನ ಗಾಲಿಯ ಗುರುತು ಅಲ್ಲಿಂದ ಎರಡು ಮಾರು ಆಚೆ ಹಾದುಹೋಗಿತ್ತು.

"ಟಿಟ್ಟಿಬ," ಎಂದರು ರಂಗಪ್ಪ.

ಕಣ್ಣಿನ ಬುಡದಿಂದ ಹಳದಿ ಚರ್ಮ ಜೋಲುವ ಹಕ್ಕಿ, ಹಳದಿ ಟಿಟ್ಟಿಭ. ಜೋಡಿ ನಮ್ಮ ತಲೆಯ ಮೇಲೆ ಸುತ್ತುತ್ತಾ ಕೂಗುತ್ತಿತ್ತು. ಹದಿನಾರು ಜನರಲ್ಲಿ ಹತ್ತು ಮಂದಿಯಾದರೂ ಮೊಬೈಲ್ ತೆಗೆದು ಬಗ್ಗಿದರು. ನಾನೂ ಬಗ್ಗಿದೆ. ಒಂಬತ್ತೂವರೆಯ ಬಿಸಿಲು ಮೊಟ್ಟೆಗಳ ಮೇಲೆ ನೇರವಾಗಿ ಬೀಳುತ್ತಿತ್ತು.

"ಸಾಕು ಸಾಕು, ದೂರ ಬನ್ನಿ. ತಾಯಿ ಕೂತ್ಕಬೇಕು," ಎಂದು ರಂಗಪ್ಪ ಎಲ್ಲರನ್ನೂ ಹಿಂದೆ ಕಳಿಸಿದರು.

ನಾವು ಐವತ್ತು ಹೆಜ್ಜೆ ಹೋಗಿ ಅಲ್ಲೇ ಮಾತಾಡುತ್ತಾ ನಿಂತೆವು. ಅಷ್ಟು ದೂರ ಸಾಲದು ಎಂಬುದು ನಮಗೆ ಗೊತ್ತಿರಲಿಲ್ಲ. ಹಕ್ಕಿಗಳು ಇಳಿಯಲಿಲ್ಲ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ತೋಪಿನ ಕಡೆಯಿಂದ ಕಾಗೆಯೊಂದು ತಗ್ಗಿನಲ್ಲಿ ಹಾರಿ ಬಂದು ಮುಳ್ಳುಕಡ್ಡಿಯ ಪಕ್ಕ ಇಳಿಯಿತು. ಟಿಟ್ಟಿಭಗಳು ಎರಗಿದವು. ರಂಗಪ್ಪ ಕೋಲು ಬೀಸುತ್ತಾ ಓಡಿದರು. ಅವರು ಅರ್ಧ ದಾರಿ ಮುಟ್ಟುವಾಗ ಕಾಗೆ ಎದ್ದಿತ್ತು. ಅದರ ಕೊಕ್ಕಿನಲ್ಲಿ ಮೊಟ್ಟೆಯಿತ್ತು. ತೋಪಿಗೆ ಹೋಗಿ ಕೊಂಬೆಯ ಮೇಲೆ ಕೂತಿತು.

ರಂಗಪ್ಪ ಹಿಂತಿರುಗಿ, ಕೈಸನ್ನೆಯಲ್ಲೇ ನಮ್ಮನ್ನೆಲ್ಲ ರಸ್ತೆಯವರೆಗೆ ಅಟ್ಟಿದರು. ವ್ಯಾನಿನ ಮರೆಯಲ್ಲಿ ಕೂರಿಸಿದರು.

"ನಾವು ಅಲ್ಲಿ ನಿಂತಿದ್ದಕ್ಕೆ ಹೀಗಾಯ್ತಾ?" ಎಂದು ಕೇಳಿದರು ಶ್ರೀಕಂಠಯ್ಯ.

"ಇವತ್ತು ನೀವು ನಿಂತಿದ್ದಕ್ಕೆ. ಮರ ಬಂದ್ಮೇಲೆ ನೀವು ನಿಲ್ದಿದ್ರೂ ಆಯ್ತದೆ."

ಇಪ್ಪತ್ತು ನಿಮಿಷ ಕಾದೆವು. ಬಯಲಿನ ತಗ್ಗಿನಲ್ಲಿ ಮೊದಲ ಮಳೆಯ ನೀರು ನಿಂತ ಒಂದು ಸಣ್ಣ ಕುಂಟೆ ಇದೆ. ಹಕ್ಕಿಗಳಲ್ಲಿ ಒಂದು ಅಲ್ಲಿಳಿದು, ನೀರಿನಲ್ಲಿ ಹೊಟ್ಟೆ ಅದ್ದಿ ಅದ್ದಿ ಎದ್ದಿತು. ಆಮೇಲೆ ನೆಲದ ಮೇಲೆ ನಿಂತು ನಿಂತು ಓಡುತ್ತಾ ಬಂದು ಮೊಟ್ಟೆಗಳ ಮೇಲೆ ಕೂತಿತು. ಬಿಸಿಲಿಗೆ ಮೊಟ್ಟೆ ಕಾಯದಿರಲಿ ಎಂದು ಹೊಟ್ಟೆ ಒದ್ದೆ ಮಾಡಿಕೊಂಡು ಬರುತ್ತದೆ, ಮಧ್ಯಾಹ್ನದವರೆಗೆ ಎಷ್ಟೋ ಸಲ ಹೀಗೆ ಓಡಾಡುತ್ತದೆ ಎಂದು ರಂಗಪ್ಪ ವಿವರಿಸಿದರು. ಉಳಿದ ಮೂರರ ಮೇಲೆ ಅದು ಕೂತದ್ದು ಕಂಡು ಸರೋಜಮ್ಮ ಕನ್ನಡಕ ತೆಗೆದು ಒರೆಸಿಕೊಂಡರು.

ಶ್ರೀಕಂಠಯ್ಯ ಜೇಬಿನಿಂದ ಗ್ರಾಫ್ ಹಾಳೆ ತೆಗೆದು ಬಿಡಿಸಿದರು. ಸ್ವಲ್ಪ ಹೊತ್ತು ನೋಡಿ ಮತ್ತೆ ಮಡಿಸಿದರು.

"ನಾಗರಾಜು, ಗುದ್ದಲಿ ಎಷ್ಟಿವೆ?"

"ಎಂಟು ಸಾರ್. ಊರಿಂದ ಇನ್ನಷ್ಟು ತರ್ತೀನಿ."

"ತನ್ನಿ. ಮುಚ್ಚಿಬಿಡೋಣ."

ಎಲ್ಲರೂ ಒಪ್ಪಿದರು ಎಂದರೆ ತಪ್ಪಾಗುತ್ತದೆ. ಒಂದು ವರ್ಷ ನೀರು ಹೊಯ್ದು ಬೆಳೆಸಿದ್ದು, ಬೆಳಿಗ್ಗೆ ಐದಕ್ಕೆ ಎದ್ದು ಬಂದದ್ದು, ಒಂದು ಹಕ್ಕಿಗಾಗಿ ವಾಪಸು ಹೋಗುವುದೇ ಎಂದು ಇಬ್ಬರು ವಾದಿಸಿದರು. ರಂಗಪ್ಪ ತಾಳ್ಮೆಯಿಂದಲೇ ಕೇಳಿದರು: "ಮರ ಬ್ಯಾಡ ಅಂತ ನಾನೆಲ್ಲಿ ಅಂದೆ? ಊರ ರಸ್ತೆ ಅಗಲ ಮಾಡ್ತೀವಿ ಅಂತ ಇದ್ದ ಮರ ಎಲ್ಲಾ ಕಡುದ್ರು. ಬಸ್ಸಿಗೆ ನಿಲ್ಲೋ ಜಾಗದಲ್ಲಿ ನೆತ್ತಿ ಸುಡ್ತದೆ. ಕುರಿ ನೀರು ಕುಡಿಯೋ ತೊಟ್ಟಿ ತಾವ ಒಂದು ಗಿಡ ಇಲ್ಲ. ಅಲ್ಲಿ ಹಾಕಿ, ನಾನೇ ನೀರು ಹುಯ್ತೀನಿ. ಮರ ಬೇಕಾದ ತಾವು ಬಿಟ್ಟು ಬ್ಯಾಡದ ತಾವು ಹಾಕ್ತೀರಲ್ಲ ಸ್ವಾಮಿ."

"ಫೇಸ್‌ಬುಕ್ಕಲ್ಲಿ ಏನಂತ ಹಾಕೋದು ಈಗ? ಗುಂಡಿ ಮುಚ್ಚಿದ್ವಿ ಅಂತಲಾ?" ಎಂದು ವಾದಿಸಿದವರಲ್ಲಿ ಒಬ್ಬರು ಗೊಣಗಿದರು.

"ಬೆಂಗಳೂರೋರು ಗುಂಡಿ ಮುಚ್ಚಿದ್ರೆ ಪೇಪರಲ್ಲೇ ಹಾಕ್ತಾರೆ ಬಿಡಿ," ಎಂದರು ಸರೋಜಮ್ಮ. ಗೊಣಗಿದವರೇ ಮೊದಲು ನಕ್ಕರು.

ಗುಂಡಿ ಮುಚ್ಚಲು ಒಂದೂಕಾಲು ಗಂಟೆ ಹಿಡಿಯಿತು. ಮಣ್ಣು ಸುಮ್ಮನೆ ತಳ್ಳಿದರೆ ಸಾಲದು ಎಂದು ರಂಗಪ್ಪ ಒಂದೊಂದು ಗುಂಡಿಯ ಬಳಿಯೂ ಬಂದು ನಿಂತರು. ಯಂತ್ರ ಕಿತ್ತೆಸೆದ ಹುಲ್ಲಿನ ಬುಡಗಳನ್ನು ಹುಡುಕಿ, ಬೇರು ಕೆಳಗಾಗಿ ಮೇಲಿಟ್ಟು, ಕಾಲಲ್ಲಿ ಒತ್ತಿಸಿದರು. ಒಣಗಿ ಕಡ್ಡಿಯಂತಿದ್ದ ಬುಡವನ್ನು ಮುರಿದು ತೋರಿಸಿದರು. ಒಳಗೆ ಬೆಳ್ಳಗೆ ಹಸಿಯಿತ್ತು. ಬಂಜರು ಎಂದು ಬರೆದುಕೊಂಡದ್ದನ್ನು ನಾನು ಆಗ ಹೊಡೆದುಹಾಕಿದೆ. ಮೊಟ್ಟೆಗಳಿಗೆ ಹತ್ತಿರವಿದ್ದ ಒಂಬತ್ತು ಗುಂಡಿಗಳ ಬಳಿ ಹೋಗಲು ಅವರು ಯಾರನ್ನೂ ಬಿಡಲಿಲ್ಲ. ಮೊಟ್ಟೆಯೊಡೆದು ಮರಿಗಳು ನಡೆದು ಹೋಗುವವರೆಗೆ ಆ ಗುಂಡಿಗಳು ಹಾಗೆಯೇ ಇರಬೇಕು. ಆದರೆ ತೆರೆದು ಬಿಟ್ಟರೆ ಜಿಂಕೆಯೋ ಕುರಿಯೋ ಕಾಲು ಮುರಿದುಕೊಳ್ಳುತ್ತದೆ. ಸಂಜೆ ತಂಪಾದ ಮೇಲೆ ತಾವೊಬ್ಬರೇ ಬಂದು ಏನಾದರೂ ಮಾಡುವುದಾಗಿ ಹೇಳಿದರು.

ಊಟ ನಾಗರಾಜುವಿನ ಅಕ್ಕನ ಮನೆಯಲ್ಲಿ. ಮುದ್ದೆ, ಹುರುಳಿಕಾಳಿನ ಸಾರು, ಈರುಳ್ಳಿ. ಊಟಕ್ಕೆ ಕೂತಲ್ಲೇ ಶ್ರೀಕಂಠಯ್ಯ ಪಂಚಾಯಿತಿ ಸದಸ್ಯರೊಬ್ಬರಿಗೆ ಫೋನ್ ಮಾಡಿ, ಬೇಲಿ ಬೇಡ, ಆಗಸ್ಟಿನ ಐನೂರು ಗಿಡದ ಯೋಜನೆಯೂ ಈ ಬಯಲಿಗಿಲ್ಲ ಎಂದು ತಿಳಿಸಿದರು. ಆ ಸದಸ್ಯರು ಕಾರಣ ಕೇಳಿದರು. "ನಾವು ಕೇಳಬೇಕಾದೋರನ್ನ ಕೇಳಿರ್ಲಿಲ್ಲ," ಎಂದಷ್ಟೇ ಹೇಳಿದರು ಶ್ರೀಕಂಠಯ್ಯ. ಪಕ್ಕದಲ್ಲಿದ್ದ ರಂಗಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿ, ಫೋನ್ ಇಡುವವರೆಗೂ ಕೇಳಿಸಿಕೊಂಡರು. ಬೇರೆ ಯಾರಾದರೂ ಮುಂದೆ ಬೇಲಿ ಹಾಕಲು ಬರಬಹುದಲ್ಲ ಎಂದು ನಾನು ಕೇಳಿದೆ.

"ಬರಬೌದು. ಇನ್ಮೇಲೆ ಬೇಸ್ಗೇಲಿ ಸಭೆ ಸೇರಿದ್ರೆ ಇವ್ನು ಫೋನ್ ಮಾಡ್ತಾನೆ," ಎಂದು ರಂಗಪ್ಪ ಅಳಿಯನನ್ನು ತೋರಿಸಿದರು. "ಮಾಡ್ದೆ ಇದ್ರೆ ಇವನ್ ಅಂಗಡಿ ಮುಂದೆ ಮಂದೆ ಹಾಕ್ತೀನಿ."

"ನಾಲ್ಕನೇ ಬ್ಲಾಕಲ್ಲಿ ಪಾರ್ಕಿಂಗ್ ಸಿಗಲ್ಲ ಮಾವ," ಎಂದರು ನಾಗರಾಜು. ಬೆಳಗಿನಿಂದ ಅವರು ಆಡಿದ ಮೊದಲ ತಮಾಷೆ ಅದು.

ಎರಡು ಗಂಟೆಯಿಂದ ನಾಲ್ಕರವರೆಗೆ ಊರ ರಸ್ತೆಯ ಎರಡೂ ಬದಿ, ಬಸ್ ನಿಲ್ಲುವ ಜಾಗ ಮತ್ತು ನೀರಿನ ತೊಟ್ಟಿಯ ಸುತ್ತ ಸಸಿ ನೆಟ್ಟೆವು. ನೆಲ ಗಟ್ಟಿಯಿತ್ತು, ಇಲ್ಲಿ ಯಂತ್ರವಿರಲಿಲ್ಲ. ಮನೆಗಳವರು ಹಾರೆ ತಂದು ಕೈಜೋಡಿಸಿದರು. ತಮ್ಮ ಬಾಗಿಲ ಮುಂದೆ ನೆಡಿಸಿಕೊಳ್ಳುತ್ತಿದ್ದ ಒಬ್ಬ ಹೆಂಗಸು ಪ್ಯಾಕೆಟ್ಟಿನ ಮೇಲಿನ ಹೆಸರು ಓದಿ, "ಸರೋಜ ಅಂದ್ರೆ ಯಾರವ್ವ?" ಎಂದು ಕೇಳಿದರು. ಸರೋಜಮ್ಮ ಬಂದರು. "ಹಂಗಾದ್ರೆ ನೀವೇ ಇಡಿ. ನಾಳೆ ಒಣಗಿದ್ರೆ ನನ್ನ ಬೈಯಂಗಿಲ್ಲ." ಬೇರು ಪ್ಯಾಕೆಟ್ಟಿನ ತೂತಿನಿಂದ ಆಗಲೇ ಹೊರಬಂದಿತ್ತು. ಸರೋಜಮ್ಮ ಬ್ಲೇಡಿನಿಂದ ಪ್ಯಾಕೆಟ್ ಸೀಳಿ, ಮಣ್ಣು ಒಡೆಯದಂತೆ ಇಳಿಸಿದರು. ಒಟ್ಟು ನೂರಾ ತೊಂಬತ್ತು ನೆಟ್ಟಿದ್ದೆವು. ಉಳಿದ ಐವತ್ತನ್ನು ಶಾಲೆಯ ಗೋಡೆಯ ನೆರಳಿನಲ್ಲಿ ಜೋಡಿಸಿಟ್ಟೆವು. ಅವನ್ನು ಎಲ್ಲಿ ನೆಡಬೇಕೆಂದು ಊರವರೇ ತೀರ್ಮಾನಿಸಬೇಕು. ರಂಗಪ್ಪ ಆಗಲೇ ಹಿಂಡಿನ ಕಡೆ ಹೋಗಿದ್ದರು.

ನಾಲ್ಕೂವರೆಗೆ ಹೊರಟೆವು. ಪಡುವಣದ ಗುಡ್ಡಗಳ ಮೇಲೆ ಮೋಡ ಕಟ್ಟಿತ್ತು, ಗಾಳಿ ತಣ್ಣಗಿತ್ತು. ಬಯಲಿನ ಪಕ್ಕ ಬಂದಾಗ ಶ್ರೀಕಂಠಯ್ಯ ಡ್ರೈವರಿಗೆ ನಿಧಾನ ಮಾಡಲು ಹೇಳಿದರು. ಮುಚ್ಚಿದ ಗುಂಡಿಗಳು ಕೆಂಪು ತೇಪೆಗಳಂತೆ ಸಾಲಾಗಿ ಕಾಣುತ್ತಿದ್ದವು. ಕುರಿಗಳು ಅವುಗಳ ಮೇಲೆಯೇ ಹರಡಿಕೊಂಡು ಮೇಯುತ್ತಿದ್ದವು.

"ಸೆಪ್ಟೆಂಬರಲ್ಲಿ ಹುಲ್ಲು ಎಷ್ಟೆತ್ತರ ಬರತ್ತಂತೆ, ಕೇಳಿದ್ರಾ?" ಎಂದರು ಶ್ರೀಕಂಠಯ್ಯ ನನ್ನತ್ತ ತಿರುಗಿ.

"ಮೊಣಕಾಲುದ್ದ ಅಂದ್ರು."

"ಬರೋಣ. ಬರಿಗೈಲಿ ಬರೋಣ."

ದೂರದಲ್ಲಿ ರಂಗಪ್ಪ ಜಾಲಿಯ ಮುಳ್ಳುಕಂಪೆ ಎಳೆದುಕೊಂಡು ಬರುತ್ತಿದ್ದರು. ಬಿಟ್ಟ ಒಂಬತ್ತು ಗುಂಡಿಗಳಲ್ಲಿ ಮೊದಲನೆಯದರ ಬಾಯಿಗೆ ಕಂಪೆ ಮುಚ್ಚಿ, ಎರಡನೆಯದಕ್ಕೆ ನೇರವಾಗಿ ಹೋಗದೆ ಬಹಳ ಸುತ್ತು ಹಾಕಿಕೊಂಡು, ನಿಂತು ನಿಂತು ನಡೆದರು. ಅಷ್ಟು ದೂರಕ್ಕೆ ನೆಲದ ಮೇಲೆ ಕೂತ ಹಕ್ಕಿ ನಮಗೆ ಕಾಣುವಂತಿರಲಿಲ್ಲ. ಅದು ಬೆದರಿ ಎದ್ದಿದ್ದರೆ ಕಾಣುತ್ತಿತ್ತು. ವ್ಯಾನ್ ತಿರುವು ದಾಟುವವರೆಗೂ ನೋಡಿದೆವು. ಅದು ಏಳಲಿಲ್ಲ.